ಬಲಗಿವಿಯ ಬಿಸಿ

ನನ್ನ ಕೆಲಸ ಹೆಸರು ಬಿಡಿಸಿ ಹೇಳುವುದು. ಕಾಗದದ ಮೇಲೆ ನಾನು ಶಿಕ್ಷಕಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಸ್ಕೂಟಿ ಹೊಡೆದುಕೊಂಡು ಹೋಗಿ ಪಾಠ ಹೇಳುತ್ತೇನೆ. ಆದರೆ ಪಾಠಕ್ಕಿಂತ ಹೆಚ್ಚು ಹೊತ್ತು ಹೋಗುವುದು ಆಸ್ಪತ್ರೆಯವರು ಹೇಳಿ ಕಳಿಸಿದ ಇಂಗ್ಲಿಷ್ ಹೆಸರುಗಳನ್ನು ತಾಯಂದಿರ ತಲೆಗೆ ಇಳಿಸುವುದರಲ್ಲಿ. ಸೆರೆಬ್ರಲ್ ಪಾಲ್ಸಿ ಅಂದರೆ ಕಾಲಿನ ರೋಗವಲ್ಲ, ಕಾಲನ್ನು ಆಡಿಸುವ ಮೆದುಳಿಗೆ ಹುಟ್ಟುವ ಹೊತ್ತಿಗೋ ಅದರ ಆಚೀಚೆಯೋ ಪೆಟ್ಟಾಗಿರುತ್ತದೆ, ಎಷ್ಟು ಎಣ್ಣೆ ತಿಕ್ಕಿದರೂ ಆ ಪೆಟ್ಟು ಮಾಯುವುದಿಲ್ಲ. ಆಟಿಸಂ ಅಂದರೆ ಹುಚ್ಚೂ ಅಲ್ಲ, ಸೊಕ್ಕೂ ಅಲ್ಲ, ತಾಯಿ ಮೊಬೈಲ್ ಕೊಟ್ಟು ಕೂಡಿಸಿದ್ದರಿಂದ ಬಂದದ್ದೂ ಅಲ್ಲ. ಇಂಥವನ್ನು ದಿನಾ ಹೇಳುತ್ತೇನೆ.

ಈ ಕೆಲಸಕ್ಕೆ ತಾಳ್ಮೆ ಬೇಕು ಅನ್ನುತ್ತಾರೆ. ನನಗೆ ಅದು ಇಲ್ಲ. ಕಲ್ಲೋಳಿಯ ಒಬ್ಬ ತಂದೆ ಮಗನಿಗೆ ಬೆಳವಣಿಗೆ ತಡ ಎಂದು ಡಾಕ್ಟರು ಹೇಳಿದ್ದನ್ನು ಖುಷಿಯಿಂದಲೇ ಕೇಳಿಸಿಕೊಂಡು ಬಂದಿದ್ದ. "ತಡ ಅಂದ್ರ ಬರ್ತೈತಿ ಅಂತ ಆತಲ್ರಿ ಟೀಚರ? ಬಸ್ಸು ತಡ ಆಗ್ತೈತಿ, ಬರೂದಿಲ್ಲೇನು?" ಎಂದ. ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂದು ಅವನ ಮುಖ ನೋಡಿಕೊಂಡೇ ಹೇಳಬೇಕಾಯಿತು. ಹುಕ್ಕೇರಿಯ ಇನ್ನೊಬ್ಬಳಂತೂ, "ಹೆಸರು ಸಿಕ್ಕತಲ್ರಿ, ಇನ್ನ ಔಷಧ ಎಲ್ಲಿ ಸಿಗತೈತಿ ಹೇಳ್ರಿ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ರೇಗಿ ಬೈದೆ. ಆಮೇಲೆ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ನನಗೆ ನಾನೇ ಬೈದುಕೊಂಡೆ. ಹೆಸರು ಸಿಕ್ಕರೆ ಅರ್ಧ ಹಗುರಾಗುತ್ತದೆ ಎಂದು ಅವಳಿಗೆ ಹೇಳುವವಳಿದ್ದೆ, ಆದರೆ ಹಾಗೆ ಆಗುತ್ತದೆ ಎಂಬ ಭರವಸೆ ನನಗೇ ಇರಲಿಲ್ಲ.

ಯಾಕೆಂದರೆ ಆ ಹೆಸರುಗಳಲ್ಲಿ ಒಂದು ನನ್ನದು.

ಧುಪದಾಳದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಒಬ್ಬಳು ಅಕ್ಕ ಇದ್ದಳು. ನಾನು ಹುಟ್ಟುವ ಮೊದಲೇ ಕಾಲುವೆಯಲ್ಲಿ ಹೋದಳು. ಅವ್ವ ಬಟ್ಟೆ ಒಗೆಯುತ್ತಿದ್ದಳಂತೆ, ಅಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತು ಸಣ್ಣಪುಟ್ಟವನ್ನು ಜಾಲಿಸಿ ಕೊಡುತ್ತಿದ್ದಳಂತೆ. ಅವ್ವ ಈ ಕತೆಯನ್ನು ಹೇಳುವುದೇ ಅಪರೂಪ, ಹೇಳಿದಾಗೆಲ್ಲ ಒಂದೇ ರೀತಿ ಹೇಳುತ್ತಿದ್ದಳು. "ಕರದೆ, ಓ ಅನ್ನಲಿಲ್ಲ. ಮತ್ತ ಕರದೆ, ಅಂದ್ರೂ ಓ ಅನ್ನಲಿಲ್ಲ. ಮೊದಲಿಂದ ಹಟದಾಕಿ, ರೊಟ್ಟಿ ಕೈಯಾಗ ಹಿಡಕೊಂಡು ಮಾರಿ ಮ್ಯಾಲ ಮಾಡಿ ಕುಂತು ಬಿಡಾಕಿ. ನಟನಿ ಮಾಡಾಕತ್ತಾಳ ಅಂತ ಸುಮ್ಮಾದೆ. ಅರಿವಿ ಹಿಂಡಿ ತಿರಗಿ ನೋಡಿದ್ರ ಮೆಟ್ಟಲ ಖಾಲಿ." ಅಲ್ಲಿಗೆ ನಿಲ್ಲಿಸುತ್ತಿದ್ದಳು. ಮುಂದಿನದನ್ನು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಕಡೆ ತೀರಿಹೋದ ಕೂಸಿನ ಹೆಸರನ್ನೇ ಆಮೇಲೆ ಹುಟ್ಟಿದ ಕೂಸಿಗೆ ಇಡುವುದುಂಟು. ನನಗೂ ಹಾಗೇ ಇಟ್ಟರು. ಹೀಗಾಗಿ ಮನೆಯಲ್ಲಿ ಒಂದು ಹೆಸರಿಗೆ ಇಬ್ಬರು ಮಕ್ಕಳು. ನಮ್ಮ ಜೊತೆಗೇ ಇದ್ದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಗೊಂದಲವಾಗದಿರಲಿ ಎಂದು ನಮ್ಮನ್ನು 'ಮೊದಲಿನಾಕಿ', 'ಈಗಿನಾಕಿ' ಎಂದು ಕರೆಯುತ್ತಿದ್ದಳು. ನಾನು ಈಗಿನಾಕಿ. ಮೊದಲಿನಾಕಿಯ ಲಂಗ ತೊಟ್ಟೆ, ಮೊದಲಿನಾಕಿಯ ಪಾಟಿಯ ಮೇಲೆ ಅಕ್ಷರ ತಿದ್ದಿದೆ. ಅವಳ ಗಂಗಾಳದಲ್ಲೇ ಉಂಡೆ. ಅದರಲ್ಲಿ ವಿಶೇಷವೇನೂ ನನಗೆ ಆಗ ಕಾಣಲಿಲ್ಲ.

ಶಾಲೆಗೆ ಹೋಗುವ ಹೊತ್ತಿಗೆ ನನಗೆ ಶುರುವಾಯಿತು. ಏನು ಶುರುವಾಯಿತು ಎಂದು ನಾನು ಹೇಳಲಾರೆ. ನಾನು ಅಲ್ಲಿ ಇರುತ್ತಲೇ ಇರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ಹೊಸ್ತಿಲ ಮೇಲೆ ಬೆಕ್ಕು ಕೂತಿದೆ, ಕಣ್ಣು ಮುಚ್ಚಿ ತೆರೆದ ಹಾಗೂ ಇಲ್ಲ, ಬೆಕ್ಕು ಅಟ್ಟದ ಮೇಲಿದೆ. ಮಗ್ಗಿ ಹೇಳುತ್ತಿದ್ದೇನೆ, ಅಷ್ಟರಲ್ಲಿ ಇಡೀ ವರ್ಗ ನನ್ನನ್ನು ನೋಡಿ ನಗುತ್ತಿದೆ. ಮನೆಯಲ್ಲಿ ಆದರೆ ಇನ್ನೊಂದು ಗುರುತು ಇರುತ್ತಿತ್ತು. ನನ್ನ ಬಲಗಿವಿ ಬಿಸಿಯಾಗಿ, ಸ್ವಲ್ಪ ಒದ್ದೆಯಾಗಿ ಇರುತ್ತಿತ್ತು. ಪಕ್ಕದಲ್ಲಿ ಅವ್ವ. ಅವಳು ನಮ್ಮ ಹೆಸರು ಹಿಡಿದು ಕರೆಯುತ್ತಿದ್ದಳು, ನಾನು "ಓ" ಅನ್ನುತ್ತಿದ್ದೆ. ಅವ್ವ ಎದ್ದು ಬಿಟ್ಟ ಕೆಲಸಕ್ಕೆ ಹೋಗುತ್ತಿದ್ದಳು.

ನಡುವೆ ಏನು ನಡೆಯುತ್ತದೆ ಎಂದು ಅತ್ತೆ ಒಂದು ದಿನ ಶೇಂಗಾ ಸುಲಿಯುತ್ತಾ ಹೇಳಿದಳು. "ನಿನ್ನ ಕಣ್ಣ ಮ್ಯಾಲ ಹೋಗತಾವು. ರೆಪ್ಪಿ ಪಟಪಟ ಬಡೀತಾವು. ತುಟಿ ಏನೋ ಮಾತಾಡಿದಂಗ ಆಡತಾವು. ನಿಮ್ಮವ್ವ ಎಲ್ಲಿದ್ರೂ ಓಡಿ ಬಂದು ಕಿವಿಗೆ ಬಾಯಿ ಹಚ್ಚಿ ಪಿಸಿಪಿಸಿ ಮಾತಾಡ್ತಾಳ. ಏನಂತ ಕೇಳಿದ್ರ, ತಾಯಿ ಮಗಳ ಮಾತು ನಿಮಗ್ಯಾಕ ಅಂತಾಳ." ಆಮೇಲೆ ದನಿ ಇಳಿಸಿ, "ಮೊದಲಿನಾಕಿ ಬಂದು ಹೋಗತಾಳ ನೋಡವಾ. ಮನಿ ಮರೆತಿಲ್ಲ ಅದು" ಎಂದಳು.

ಅತ್ತೆಯ ಕೈ ಶೇಂಗಾ ಸುಲಿಯುತ್ತಲೇ ಇತ್ತು. ಆ ದಿನದಿಂದ ನನಗೆ ನನ್ನದೇ ಮೈ ಅಂದರೆ ಭಯ. ನಾನಿಲ್ಲದಾಗ ನನ್ನ ಕಣ್ಣಿನಿಂದ ಇನ್ನೊಬ್ಬಳು ನಮ್ಮ ಅಡುಗೆಮನೆ ನೋಡುತ್ತಾಳೆ, ನನ್ನ ತುಟಿಯಿಂದ ನಮ್ಮವ್ವನ ಜೊತೆ ಮಾತಾಡುತ್ತಾಳೆ. ಭಯಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಅವ್ವ ನನ್ನನ್ನು ಅಷ್ಟು ಹತ್ತಿರ ಕೂಡಿಸಿಕೊಂಡು ಯಾವತ್ತೂ ಮಾತಾಡಿದವಳಲ್ಲ. ಬಾ ಅಂದರೆ ಬಾ, ತಿನ್ನು ಅಂದರೆ ತಿನ್ನು, ಅಷ್ಟೇ. ಇದ್ದವಳಿಗೆ ಇಷ್ಟು, ಇಲ್ಲದವಳಿಗೆ ಕಿವಿಯಲ್ಲಿ ಪಿಸುಮಾತು. ಆ ಹೆಸರು ಕರೆದಾಗ ಅವ್ವ ಯಾರನ್ನು ಕರೆಯುತ್ತಿದ್ದಳು, ನನ್ನನ್ನೋ ಅವಳನ್ನೋ ಎಂಬ ಸಂಶಯ ಎದೆಯಲ್ಲಿ ಕೂತಿತು. ಆದರೂ ಕರೆದಾಗೆಲ್ಲ ಓ ಅನ್ನುತ್ತಿದ್ದೆ. ಓ ಅನ್ನದೆ ಹೋದವಳು ಏನಾದಳು ಎಂದು ಗೊತ್ತಿತ್ತಲ್ಲ.

ಬಹಳ ಸಲ ಅದು ಆಗುತ್ತಿದ್ದದ್ದು ಒಲೆಯ ಮುಂದೆ. ಕೊಳವೆ ಹಿಡಿದು ಒಲೆ ಊದುವುದು ನನ್ನ ಕೆಲಸ. ಹಸಿ ಕಟ್ಟಿಗೆ, ಉರಿ ಹತ್ತುವ ತನಕ ಉಸಿರು ಕಟ್ಟಿ ಊದಬೇಕು. ಊದುತ್ತಾ ಊದುತ್ತಾ ಹೋಗಿಬಿಡುತ್ತಿದ್ದೆ. ಮರಳಿ ಬಂದಾಗ ಕೊಳವೆ ಬೂದಿಯಲ್ಲಿ, ಕಿವಿ ಬಿಸಿ. ಒಲೆಯ ಶಾಖದಿಂದ ಇರಬೇಕು ಎಂದು ನನ್ನನ್ನು ನಾನು ನಂಬಿಸಿಕೊಳ್ಳಲು ನೋಡುತ್ತಿದ್ದೆ. ಆದರೆ ಒಲೆ ಎಡಕ್ಕಿತ್ತು.

ಶಾಲೆಯ ಗುರುಗಳು ಹೇಳಿ ಕಳಿಸಿದ ಮೇಲೆ ಅಪ್ಪ ನನ್ನನ್ನೂ ಅವ್ವನನ್ನೂ ಗೋಕಾಕದ ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದ. ಅಪ್ಪ ಬೆಲ್ಲದ ವ್ಯಾಪಾರಿ, ಬೆಳಗಾದರೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುವವ. ದೆವ್ವ ಭೂತ ಎಂದರೆ ಕೆಂಡದಂಥ ಸಿಟ್ಟು. ಡಾಕ್ಟರು ಎಲ್ಲ ಕೇಳಿ, "ಇದು ಫಿಟ್ಸಿನ ಒಂದು ನಮೂನೆ" ಎಂದರು. ಅವ್ವ ಒಮ್ಮೆಲೇ, "ಇಲ್ರಿ ಸಾಹೇಬ್ರ, ಫಿಟ್ಸ್ ಅಂದ್ರ ಬೀಳಬೇಕಲ್ರಿ, ಬಾಯಾಗ ನೊರಿ ಬರಬೇಕು. ಈಕಿ ಕುಂತಲ್ಲೇ ಕುಂತಿರ್ತಾಳ" ಎಂದಳು.

"ಬೀಳೂ ಫಿಟ್ಸ್ ಬ್ಯಾರೆ ಅವ್ವಾ, ಇದು ಬ್ಯಾರೆ. ಇದಕ್ಕ ಆಬ್ಸೆನ್ಸ್ ಅಂತಾರ. ಮೆದುಳಿನ್ಯಾಗ ಕರೆಂಟ್ ಒಂದ ಕ್ಷಣ ತಪ್ಪತೈತಿ, ಮತ್ತ ಬರ್ತೈತಿ. ತೋರಸ್ತೀನಿ ನೋಡ್ರಿ." ಅವರು ಒಂದು ಕಾಗದದ ಚೂರನ್ನು ನನ್ನ ಮುಖದ ಮುಂದೆ ಹಿಡಿದು, "ಊದವ್ವಿ, ಇದು ಹಾರಾಡೂಹಂಗ ಊದತಾ ಇರು" ಎಂದರು. ಊದಿದೆ. ಕಾಗದ ಪಟಪಟ ಅನ್ನುತ್ತಿತ್ತು. ಆಮೇಲೆ ಕಾಗದ ಅವರ ಕೈಯಲ್ಲಿರಲಿಲ್ಲ, ಮೇಜಿನ ಮೇಲಿತ್ತು. ಅವ್ವ ಕುರ್ಚಿ ಬಿಟ್ಟು ನನ್ನ ಬಲಗಡೆ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಅವಳ ಮುಖ ಬಿಳಿಚಿಹೋಗಿತ್ತು. ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ. ಡಾಕ್ಟರು ಮಾತ್ರ ತಾವಂದದ್ದು ಖರೆಯಾಯಿತು ಎಂಬ ಸಮಾಧಾನದಲ್ಲಿ ಚೀಟಿ ಬರೆಯುತ್ತಿದ್ದರು.

ಅವರದೇನೂ ತಪ್ಪಿಲ್ಲ. ಉಸಿರು ಜೋರಾಗಿ ಬಿಟ್ಟರೆ ಈ ಬಗೆಯ ಫಿಟ್ಸ್ ಬರುತ್ತದೆ, ಪರೀಕ್ಷೆ ಮಾಡುವುದೇ ಹಾಗೆ. ಈಗ ನನಗೂ ಗೊತ್ತು. ಆದರೆ ಅವ್ವ ಕಂಡದ್ದು ಬೇರೆ. ಊರು ಬಿಟ್ಟು ಇಷ್ಟು ದೂರ, ಔಷಧದ ವಾಸನೆಯ ಕೋಣೆಯಲ್ಲಿ, ಗುರುತು ಪರಿಚಯ ಇಲ್ಲದ ಗಂಡಸು ಒಂದು ಕಾಗದ ಹಿಡಿದು ಅವಳ ಸತ್ತ ಮಗಳನ್ನು ಕರೆಸಿದ್ದ. ಮೊದಲಿನಾಕಿ ಮನೆಗಷ್ಟೇ ಬರುವವಳಲ್ಲ, ನಾನು ಹೋದಲ್ಲೆಲ್ಲ ನನ್ನ ಬೆನ್ನ ಹಿಂದೆಯೇ ಇದ್ದಾಳೆ ಎಂದು ಅವಳಿಗೆ ಅಲ್ಲಿ ಖಾತ್ರಿಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವ ನನ್ನ ಬಲಗೈ ಬಿಡಲಿಲ್ಲ. "ಸತ್ತವರು ಲಿಂಗದಾಗ ಬೆರೀತಾರ, ತಿರಗಿ ಬರೂದಿಲ್ಲ. ಗುಳಗಿ ಕೊಟ್ಟಾರ, ಕೊಡು, ಸಾಕು" ಎಂದು ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

ಅವ್ವ ಗುಳಿಗೆ ಕೊಟ್ಟಳು. ಒಂದು ದಿನವೂ ತಪ್ಪಿಸಲಿಲ್ಲ, ಬೆಲ್ಲದ ಚೂರಿನ ಜೊತೆ ತಾನೇ ಬಾಯಿಗೆ ಹಾಕುತ್ತಿದ್ದಳು. ಬೆಕ್ಕು ಕೂತಲ್ಲೇ ಕೂರತೊಡಗಿತು. ಮಗ್ಗಿ ಹೇಳಲು ಶುರು ಮಾಡಿದರೆ ಮುಗಿಯುತ್ತಿತ್ತು. ನನ್ನ ಕಿವಿ ತಣ್ಣಗಾಯಿತು. ಒಂದು ಸಂಜೆ ಅವ್ವ ಒಲೆಯ ಮುಂದೆ ನನ್ನನ್ನು ಕೂಡಿಸಿ ಊದು ಎಂದಳು. ಉರಿ ಆಗಲೇ ಚೆನ್ನಾಗಿ ಹತ್ತಿತ್ತು, ಊದುವ ಅಗತ್ಯವೇ ಇರಲಿಲ್ಲ. ಊದಿದೆ. "ಇನ್ನೊಂದೀಟು ಊದು." ಊದಿದೆ. "ಇನ್ನೊಂದೀಟು." ತಲೆ ತಿರುಗಿ ಕಣ್ಣಲ್ಲಿ ನೀರು ಬರುವ ತನಕ ಊದಿದೆ. ನಾನು ಎಲ್ಲಿಗೂ ಹೋಗಲಿಲ್ಲ. ಅವ್ವ ನನ್ನ ಕಣ್ಣನ್ನೇ ನೋಡುತ್ತಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಸಾಕ ಬಿಡು" ಎಂದಳು.

ಮೊದಲಿನಾಕಿ ಬರಲಿಲ್ಲ ಎಂದು ಅಳುತ್ತಿದ್ದಾಳೆ ಎಂದುಕೊಂಡೆ. ಆ ಗುಳಿಗೆ ನುಂಗಿ ಅವ್ವನ ಮಗಳನ್ನು ಇನ್ನೊಮ್ಮೆ ಸಾಯಿಸಿದವಳು ನಾನು ಎಂದುಕೊಂಡೆ. ಇದನ್ನು ಯಾರಿಗೆ ಹೇಳುವುದು? ಮುಂದೆ ದೊಡ್ಡವಳಾದೆ, ಬಹಳ ಮಕ್ಕಳಿಗೆ ಆಗುವ ಹಾಗೆ ಆ ಜಡ್ಡು ತಾನಾಗಿಯೇ ಬಿಟ್ಟುಹೋಯಿತು, ಡಾಕ್ಟರು ಗುಳಿಗೆ ನಿಲ್ಲಿಸಿದರು. ಆದರೆ ಫಿಟ್ಸಿನ ಹುಡುಗಿ ಎಂಬ ಹೆಸರು ಬಿಡಲಿಲ್ಲ. ಕನ್ಯೆ ನೋಡಲು ಬಂದವರು ಚಹಾ ಕುಡಿದು, ಅವಲಕ್ಕಿ ತಿಂದು, ವಿಚಾರ ಮಾಡಿ ಹೇಳುತ್ತೇವೆ ಎಂದು ಹೋಗಿ ಇನ್ನೂ ವಿಚಾರ ಮಾಡುತ್ತಲೇ ಇದ್ದಾರೆ. ಅತ್ತೆ ಹೋದಳು, ಅಪ್ಪನೂ ಹೋದ. ಮನೆಯಲ್ಲಿ ನಾನು, ಅವ್ವ, ಮತ್ತು ನನ್ನ ಹೆಸರಿನವಳು ಉಳಿದೆವು. ಈಗಲೂ ಅವ್ವ ಹೆಸರು ಹಿಡಿದು ಕರೆದರೆ ಒಂದು ಕ್ಷಣ ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೇನೋ ಅನಿಸುತ್ತದೆ.

ಮೊನ್ನೆ ಘೋಡಗೇರಿಯ ಒಂದು ಮನೆಗೆ ಹೋಗಿದ್ದೆ. ಅಕ್ಕ ತಂಗಿ ಇಬ್ಬರು ಹುಡುಗಿಯರು, ತಂಗಿಗೆ ನನ್ನದೇ ಜಡ್ಡು. ತಾಯಿಗೆ ತಿಳಿಸಿ ಹೇಳುತ್ತಿದ್ದೆ. ಎಷ್ಟು ಮನೆಯಲ್ಲಿ ಹೇಳಿದ್ದೇನೋ, ಬಾಯಿಪಾಠವಾಗಿ ಹೋಗಿದೆ. "ಒಂದ ಮನ್ಯಾಗ ಒಬ್ಬರಿಗೆ ಇದ್ರ ಇನ್ನೊಬ್ಬರಿಗೂ ಇರಬಹುದು. ದೊಡ್ಡಾಕಿ ಮ್ಯಾಲೂ ಲಕ್ಷ್ಯ ಇಡ್ರಿ. ಕರದ್ರ ಓ ಅನ್ನಲಿಲ್ಲ ಅಂದ್ರ ಹಟ ಅಂತ ಬೈಬ್ಯಾಡ್ರಿ, ಆ ಹೊತ್ತಿನ್ಯಾಗ ಅವಕ್ಕ ಕೇಳ್ಸೂದಿಲ್ಲ. ತುತ್ತು ಕೈಯಾಗ ಹಿಡಕೊಂಡು ಮ್ಯಾಲ ನೋಡಕೋತ ಕುಂತ್ರ ಡಾಕ್ಟರ್ಗೆ ತೋರಸ್ರಿ. ಬಾವಿ, ಕಾಲುವಿ ಹಂತೇಕ ಒಬ್ಬಾಕಿನ್ನ ಬಿಡಬ್ಯಾಡ್ರಿ."

ನನ್ನ ಮಾತು ನನ್ನ ಕಿವಿಗೇ ಬಿತ್ತು. ಅಲ್ಲೇ ನಿಂತೆ. ಆ ತಾಯಿ, "ಯಾಕ್ರಿ ಟೀಚರ, ನೀರ ತರ್ಲೇನ್ರಿ?" ಎಂದಳು. ಇಷ್ಟು ವರ್ಷ ಈ ಮಾತನ್ನು ಊರೂರು ಹೇಳಿಕೊಂಡು ತಿರುಗಿದ್ದೇನೆ. ರೊಟ್ಟಿ ಕೈಯಲ್ಲಿ ಹಿಡಿದು ಮುಖ ಮೇಲೆ ಮಾಡಿ ಕೂರುತ್ತಿದ್ದ ಹಟದ ಹುಡುಗಿಯ ಕತೆಯನ್ನು ಅದಕ್ಕಿಂತ ಹೆಚ್ಚು ವರ್ಷ ಕೇಳಿದ್ದೇನೆ. ಎರಡೂ ನನ್ನ ತಲೆಯಲ್ಲಿ ಅಕ್ಕಪಕ್ಕದಲ್ಲೇ ಬಿದ್ದಿದ್ದವು, ಒಂದಕ್ಕೊಂದು ತಾಕಿರಲಿಲ್ಲ.

ಖಚಿತ ಅಂತೂ ಅಲ್ಲ. ಹೋದ ಕೂಸನ್ನು ಯಾವ ಡಾಕ್ಟರೂ ಪರೀಕ್ಷೆ ಮಾಡಲಾರ. ಆದರೆ ಘೋಡಗೇರಿಯಿಂದ ಧುಪದಾಳದ ತನಕ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಯಾರೋ ಕೂತು ನನ್ನ ಜೊತೆ ಬಂದಂತಿತ್ತು. ಅವ್ವನಿಗೆ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡೆ. ಕಾಲುವೆಯ ಸೇತುವೆ ದಾಟುವಷ್ಟರಲ್ಲಿ ಆ ಗಟ್ಟಿತನ ಹೋಯಿತು. ಹೇಳಿದರೆ ಅವ್ವ ಮುಂದೆ ಕೇಳುವುದೇನು? ಹಂಗಾರ ಆಕಿಗೂ ಗುಳಗಿ ಕೊಟ್ಟಿದ್ರ ಉಳೀತಿದ್ದಳೇನು? ನನ್ನ ಪಕ್ಕದಲ್ಲೇ ಕುಂತಿದ್ದಳಲ್ಲ, ನನಗ್ಯಾಕ ತಿಳೀಲಿಲ್ಲ? ಈ ವಯಸ್ಸಿನಲ್ಲಿ ಅವಳ ಎದೆಗೆ ಆ ಕಲ್ಲು ಹೇರುವುದೋ ಬೇಡವೋ ಎಂದು ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ಜಗ್ಗಾಡಿದೆ.

ಅವ್ವ ಹಿತ್ತಲ ಒಲೆಯ ಮುಂದೆ ಕೂತು ಸ್ನಾನದ ನೀರು ಕಾಯಿಸುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಇದೆ, ಗೀಜರ್ ಇದೆ, ಆದರೆ ಅವಳಿಗೆ ಒಲೆಯ ನೀರೇ ಆಗಬೇಕು. ನಾನು ಹೋಗಿ ಅವಳ ಪಕ್ಕ ಕೂತೆ. ಉರಿ ಮಂದವಾಗಿತ್ತು, ರೂಢಿಯಂತೆ ಕೊಳವೆ ತೆಗೆದುಕೊಂಡು ಊದಿದೆ. "ಅವ್ವಾ, ಒಂದು ಮಾತು ಹೇಳೂದೈತಿ" ಎಂದೆ. "ಹೇಳು" ಎಂದಳು. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯಲಿಲ್ಲ. ಕೊಳವೆ ಕೈಯಲ್ಲಿತ್ತು, ಕಣ್ಣು ಎದುರಿನ ಗೋಡೆಯ ಮಸಿಯ ಮೇಲೆ ನೆಟ್ಟಿತ್ತು. ಮಾತು ಹುಡುಕುತ್ತಾ ಸುಮ್ಮನೆ ಕೂತುಬಿಟ್ಟೆ.

ಅವ್ವ ಒಮ್ಮೆ ಕರೆದಳು. ನಾನು ಓ ಅನ್ನಲಿಲ್ಲ, ಮಾತು ಇನ್ನೂ ಸಿಕ್ಕಿರಲಿಲ್ಲ. ಆಮೇಲೆ ಅವಳು ಸರಿದು ಬಂದ ಸಪ್ಪಳ ಕೇಳಿಸಿತು. ಮೊಣಕಾಲು ನೋವಿನ ಮುದುಕಿ, ನೆಲಕ್ಕೆ ಕೈಯೂರಿ ಬಲಕ್ಕೆ ಬಂದಳು. ನನ್ನ ಕಿವಿಗೆ ಬಿಸಿಯುಸಿರು ತಾಕಿತು. ನಾನು ತಿರುಗಿ, ಅಯ್ಯೋ ಅವ್ವಾ, ಏನಾಗಿಲ್ಲ ನನಗೆ ಎನ್ನಬಹುದಿತ್ತು. ಎನ್ನಲಿಲ್ಲ. ಹುಟ್ಟಿದಾಗಿನಿಂದ ನನಗೆ ಬೇಕಾಗಿದ್ದದ್ದು ಆ ಪಿಸುಮಾತು. ರೆಪ್ಪೆ ಕೂಡ ಆಡಿಸದೆ ಕೂತೆ.

"ಬಂದ್ಯಾ ಅವ್ವಿ?" ಎಂದಳು ಅವ್ವ. ನನಗೆ ಎಂದೂ ಆಡದ ದನಿ ಅದು. "ಭಾಳ ವರ್ಷಕ್ಕ ಬಂದಿ. ನನ್ನ ಮ್ಯಾಲ ಸಿಟ್ಟು ಇನ್ನೂ ಹೋಗಿಲ್ಲೇನು? ಆವತ್ತ ನಾ ಹಂಗ ಅನಬಾರದಿತ್ತು. ಕರದ್ರ ಓ ಅನ್ನಲಿಲ್ಲಂತ, ಇರು ಹಂಗ, ನೀರ ಪಾಲಾಗು ಅಂದೆ. ಬಾಯಿ ತಪ್ಪಿ ಬಂತು, ನನ್ನವ್ವ. ಅದನ್ನ ಕೇಳಿ ಹ್ವಾದೇನು? ನನಗ ಏನ ಬೇಕಾದ ಶಿಕ್ಷೆ ಮಾಡು. ತಂಗೀನ ಒಯ್ಯಬ್ಯಾಡ. ಆಗೂ ಕೈ ಮುಗದು ಬೇಡಕೊಂಡೀನಿ, ಈಗೂ ಬೇಡಕೋತೀನಿ. ಆಕೀನ ನನಗ ಬಿಡು. ನಾ ಕರೀತೀನಿ, ಆಕಿ ಓ ಅನ್ನಲಿ."

ಮತ್ತೆ ನಮ್ಮ ಹೆಸರು ಹಿಡಿದು ಕರೆದಳು.

ಆ ಕರೆ ನನಗಾಗಿತ್ತು. ಮೊದಲಿನಿಂದಲೂ ನನಗೇ ಆಗಿತ್ತು. ಆವತ್ತು ಉರಿಯುವ ಒಲೆಯ ಮುಂದೆ ಇನ್ನೊಂದೀಟು, ಇನ್ನೊಂದೀಟು ಎಂದು ಊದಿಸಿ ಅತ್ತದ್ದು ನಾನು ಕೈಗೆ ಉಳಿದೆನೆಂಬ ಸಮಾಧಾನಕ್ಕೆ ಎಂದೂ ತಿಳಿಯಿತು.

"ಓ," ಎಂದೆ.

ಅವ್ವ ಉಸಿರು ಬಿಟ್ಟು ಹಿಂದಕ್ಕೆ ಸರಿದಳು, ಏಳಲು ನೆಲಕ್ಕೆ ಕೈಯೂರಿದಳು. ಆ ಕೈ ಹಿಡಿದೆ. "ಅವ್ವಾ, ಕುಂದರು. ನಾ ಹೇಳಾಕ ಬಂದದ್ದು ಇದನ್ನ. ನನಗಿದ್ದ ಜಡ್ಡು ಅಕ್ಕಗೂ ಇತ್ತು ಅನಸ್ತೈತಿ. ಆಕಿ ಹಟ ಮಾಡಿಲ್ಲ. ಆವತ್ತ ನೀ ಕರದದ್ದು ಆಕಿಗೆ ಕೇಳ್ಸಿಲ್ಲ."

ಅವ್ವ ಒಲೆಗೆ ಒಂದು ಕಟ್ಟಿಗೆ ನೂಕಿದಳು. ಗುಳಿಗೆಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ಅವಳು ಅದನ್ನು ಕೇಳಲಿಲ್ಲ.

"ನಾ ಬೈದದ್ದು?" ಎಂದಳು.

"ಬೈದದ್ದೂ ಕೇಳ್ಸಿಲ್ಲ ಅವ್ವಾ. ಒಂದ ಅಕ್ಷರಾನೂ ಕೇಳ್ಸಿಲ್ಲ."

ಹಂಡೆಯ ನೀರು ಕುದಿಯಲು ಹತ್ತಿತ್ತು, ಇಬ್ಬರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಏನೋ ಹೊಳೆದವಳಂತೆ ನನ್ನ ಕಡೆ ತಿರುಗಿದಳು. "ಮತ್ತ ನಿನಗ? ಸಣ್ಣಾಕಿ ಇದ್ದಾಗ ಕಿವ್ಯಾಗ ಹೇಳತಿದ್ನಲ್ಲ ನಾ, ಅದು?"

"ನನಗೂ ಕೇಳ್ತಿರಲಿಲ್ಲ."

"ಈಗ ಹೇಳಿದ್ದು?"

"ಈಗ ಕೇಳಿಸ್ತು" ಎಂದೆ. ಅವ್ವ ಸೆರಗಿನ ತುದಿ ತೆಗೆದುಕೊಂಡು ನನ್ನ ಬಲಗಿವಿ ಒರೆಸಿದಳು.